ಹೋಮದ ಪುಣ್ಯವೋ, ಕ್ಯಾಮೆರಾದ ಫಲವೋ?

2023ರ ಜುಲೈ 1ರ ನಸುಕಿನಲ್ಲಿ ಮಹಾರಾಷ್ಟ್ರದ ಸಮೃದ್ಧಿ ಎಕ್ಸ್‌ಪ್ರೆಸ್‌ವೇಯಲ್ಲಿ, ಬುಲ್ಢಾಣಾ ಜಿಲ್ಲೆಯ ಸಿಂದಖೇಡರಾಜಾ ಬಳಿ, ಖಾಸಗಿ ಬಸ್ಸೊಂದು ಹೊತ್ತಿ ಉರಿದು 25 ಮಂದಿ ಸತ್ತರು. ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮಹಾಮೃತ್ಯುಂಜಯ ಯಂತ್ರದ ಸ್ಥಾಪನೆ, ಜಪ ನಡೆದವು. ಪೊಲೀಸರು ಮೂಢನಂಬಿಕೆ ವಿರೋಧಿ ಕಾಯ್ದೆಯಡಿ ಪ್ರಕರಣ ದಾಖಲಿಸಿದರು. ಇಂಥದ್ದು ಕರ್ನಾಟಕಕ್ಕೂ ಹೊಸದಲ್ಲ. ಹೆದ್ದಾರಿಯ ಒಂದು ತಿರುವಿನಲ್ಲಿ ಮೇಲಿಂದ ಮೇಲೆ ಅಪಘಾತವಾದರೆ ಅಲ್ಲಿ ಕುಂಬಳಕಾಯಿ ಒಡೆಯುವುದು, ಶಾಂತಿ ಹೋಮ ಮಾಡಿಸುವುದು ನಮ್ಮ ಊರುಗಳಲ್ಲೂ ಉಂಟು.

ಇದನ್ನು ಖಂಡಿಸುವ ವಿಚಾರವಾದಿಗಳು ಸಾಮಾನ್ಯವಾಗಿ ಒಂದು ಕಡೆ ಸೋಲುತ್ತಾರೆ. 'ಹೋಮ ಮಾಡಿಸಿದ ಮೇಲೆ ಅಪಘಾತ ಕಡಿಮೆಯಾಯಿತು' ಎಂದು ಊರವರು ಹೇಳಿದರೆ ಅದು ಸುಳ್ಳು ಅನ್ನುತ್ತಾರೆ. ಬಹಳ ಸಲ ಅದು ಸುಳ್ಳಲ್ಲ. ಅಪಘಾತ ನಿಜವಾಗಿಯೂ ಕಡಿಮೆಯಾಗಿರುತ್ತದೆ. ಹೋಮ ಮಾಡದಿದ್ದರೂ ಕಡಿಮೆಯಾಗುತ್ತಿತ್ತು ಅನ್ನುವುದಷ್ಟೇ ವಿಷಯ. ಇನ್ನೂ ಗಂಭೀರವಾದ ಸಂಗತಿಯೆಂದರೆ, ಹೋಮ ಮಾಡಿಸಿದವರನ್ನು ಏಮಾರಿಸುವ ಈ ಲೆಕ್ಕವೇ ಎಂಜಿನಿಯರನ್ನೂ ಪೊಲೀಸ್ ಅಧಿಕಾರಿಯನ್ನೂ ಮಂತ್ರಿಯನ್ನೂ ಏಮಾರಿಸುತ್ತದೆ.

ಒಂದು ಊರಿನಲ್ಲಿ 100 ಜಂಕ್ಷನ್‌ಗಳಿವೆ ಅಂದುಕೊಳ್ಳಿ. ಎಲ್ಲವೂ ಒಂದೇ ರೀತಿಯವು, ಒಂದೇ ಅಪಾಯದವು. ದೀರ್ಘಕಾಲದ ಸರಾಸರಿ ವರ್ಷಕ್ಕೆ ತಲಾ 2 ಅಪಘಾತ. ಹಾಗಂತ ಪ್ರತಿ ಜಂಕ್ಷನ್ನಿನಲ್ಲೂ ಪ್ರತಿ ವರ್ಷ ಎರಡೇ ಅಪಘಾತ ಆಗುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಪಾಯ್ಸನ್ 1837ರಲ್ಲಿ ಕೊಟ್ಟ ಸೂತ್ರದಲ್ಲಿ ಲೆಕ್ಕ ಹಾಕಿದರೆ, ಒಂದು ವರ್ಷದಲ್ಲಿ ಸುಮಾರು 14 ಜಂಕ್ಷನ್‌ಗಳಲ್ಲಿ ಒಂದೂ ಅಪಘಾತ ಆಗುವುದಿಲ್ಲ. 27ರಲ್ಲಿ ಒಂದೊಂದು, 27ರಲ್ಲಿ ಎರಡೆರಡು, 18ರಲ್ಲಿ ಮೂರು, 9ರಲ್ಲಿ ನಾಲ್ಕು. ಉಳಿದ ಐದರಲ್ಲಿ ಐದು ಅಥವಾ ಹೆಚ್ಚು. ಪತ್ರಿಕೆಯಲ್ಲಿ 'ಸಾವಿನ ವೃತ್ತ' ಎಂದು ಹೆಸರು ಪಡೆಯುವುದು ಈ ಕೊನೆಯ ಐದು. ಇವುಗಳಲ್ಲಿ ಆ ವರ್ಷ ಒಟ್ಟು ಸುಮಾರು 27 ಅಪಘಾತ ಆಗಿರುತ್ತವೆ.

ಈಗ ಈ ಐದು ಕಡೆ ಏನಾದರೊಂದು ಮಾಡೋಣ. ಹೋಮ ಮಾಡಿಸಬಹುದು, ಹಳದಿ ಬಣ್ಣ ಬಳಿಯಬಹುದು, 'ಅಪಘಾತ ವಲಯ, ನಿಧಾನವಾಗಿ ಚಲಿಸಿ' ಎಂಬ ಫಲಕ ನೆಡಬಹುದು. ಏನನ್ನೂ ಮಾಡದೆಯೂ ಇರಬಹುದು. ಮುಂದಿನ ವರ್ಷ ಇವುಗಳ ಸರಾಸರಿ ಮತ್ತೆ ಅದೇ 2. ಅಂದರೆ ಒಟ್ಟು 10 ಅಪಘಾತ. 27ರಿಂದ 10ಕ್ಕೆ, ಶೇ 63ರಷ್ಟು ಇಳಿಕೆ! ಇತ್ತ ಹಿಂದಿನ ವರ್ಷ ಶೂನ್ಯವಿದ್ದ 14 ಜಂಕ್ಷನ್‌ಗಳಲ್ಲಿ ಈಗ 28 ಅಪಘಾತ ಆಗಿರುತ್ತವೆ. ಅತ್ತ ಯಾರೂ ನೋಡುವುದಿಲ್ಲ. ಇಡೀ ಊರಿನ ಲೆಕ್ಕ ಹೆಚ್ಚುಕಡಿಮೆ ಇನ್ನೂರರಲ್ಲೇ ನಿಂತಿರುತ್ತದೆ.

ಚೌಕಾಬಾರ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂರು ಜನ ಕವಡೆ ಎಸೆಯಲಿ, ಎಂಟು ಬಿದ್ದವರನ್ನಷ್ಟೇ ಪಕ್ಕಕ್ಕೆ ಕರೆದು ಕೈಗೆ ದಾರ ಕಟ್ಟಿ ಇನ್ನೊಮ್ಮೆ ಎಸೆಯಲು ಹೇಳಿ. ಹೆಚ್ಚಿನವರಿಗೆ ಎಂಟಕ್ಕಿಂತ ಕಡಿಮೆಯೇ ಬೀಳುತ್ತದೆ. ದಾರ ಕಟ್ಟಿದ್ದರಿಂದ ಬಂದ ಇಳಿಕೆ ಅದಲ್ಲ, ಎಂಟು ಬಿದ್ದವರನ್ನೇ ಆರಿಸಿಕೊಂಡದ್ದರಿಂದ ಬಂದದ್ದು.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳುವಿಕೆ ಎಂದು ಹೆಸರು. 1886ರಲ್ಲಿ ಬ್ರಿಟನ್ನಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಹೆತ್ತವರ ಮತ್ತು ಮಕ್ಕಳ ಎತ್ತರ ಅಳೆದು, ಬಹಳ ಎತ್ತರದವರ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರ ಬೆಳೆಯುವುದಿಲ್ಲ ಎಂದು ತೋರಿಸಿದಾಗಿನಿಂದ ಇದು ಗೊತ್ತಿರುವ ವಿಷಯ. ಅಪರೂಪದ ದುರಂತಗಳು ಕಾರಣವಿಲ್ಲದೆಯೂ ಗುಂಪಾಗಿ ಬೀಳುತ್ತವೆ ಅನ್ನುವುದಕ್ಕೆ ಇನ್ನೂ ಸುಂದರವಾದ ಸಾಕ್ಷಿ 1898ರದ್ದು. ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ದಾಖಲೆಯನ್ನು ಸಂಖ್ಯಾಶಾಸ್ತ್ರಜ್ಞ ಲಾಡಿಸ್ಲಾಸ್ ಬೊರ್ಟ್‌ಕೀವಿಚ್ ಕೈಗೆತ್ತಿಕೊಂಡ. ಹತ್ತು ದಳ, 20 ವರ್ಷ, ಒಟ್ಟು 200 ದಳ-ವರ್ಷಗಳಲ್ಲಿ (ಒಂದು ದಳದ ಒಂದು ವರ್ಷ ಒಂದು ದಳ-ವರ್ಷ) 122 ಸಾವು. 109 ದಳ-ವರ್ಷಗಳಲ್ಲಿ ಒಂದೂ ಸಾವಿಲ್ಲ, 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದೇ ಒಂದರಲ್ಲಿ ನಾಲ್ಕು. ನಾಲ್ಕು ಜನ ಸತ್ತ ದಳದಲ್ಲಿ ಕುದುರೆಗಳು ಕೆಟ್ಟವು, ಅಥವಾ ಆ ಲಾಯಕ್ಕೆ ಶಾಪ ತಟ್ಟಿದೆ ಎಂದು ಯಾರಿಗಾದರೂ ಅನಿಸುತ್ತದೆ. ಎಲ್ಲ ದಳಗಳಿಗೂ ಒಂದೇ ಅಪಾಯ ಎಂದಿಟ್ಟುಕೊಂಡು ಪಾಯ್ಸನ್ ಸೂತ್ರ ಕೊಡುವ ಸಂಖ್ಯೆಗಳು ಇವು: 109, 66, 20, 4, 1. ಶಾಪಕ್ಕೆ ಅಲ್ಲಿ ಜಾಗವೇ ಉಳಿಯುವುದಿಲ್ಲ.

ರಸ್ತೆಗಳ ವಿಷಯದಲ್ಲಿ ಪೂರ್ತಿ ಹೀಗಲ್ಲ. ಎಲ್ಲ ಜಂಕ್ಷನ್‌ಗಳೂ ಒಂದೇ ಅಪಾಯದವಲ್ಲ. ತಿರುವಿನಾಚೆ ಏನಿದೆ ಎಂದು ಕಾಣದಿರುವುದು, ಡಿವೈಡರ್ ಒಡೆದು ಮಾಡಿಕೊಂಡ ಕಳ್ಳದಾರಿ, ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಬೇಕಾದಷ್ಟು ಎತ್ತರಿಸದಿರುವುದು, ಊರ ನಡುವೆ ಪಾದಚಾರಿಗೆ ದಾಟಲು ಜಾಗವಿಲ್ಲದಿರುವುದು, ಇವೆಲ್ಲ ನಿಜವಾದ ಕಾರಣಗಳು. ಹೆಚ್ಚು ಅಪಘಾತವಾದ ಜಾಗಗಳ ಪಟ್ಟಿಯಲ್ಲಿರುವ ಪ್ರತಿ ಸ್ಥಳದ ಸಂಖ್ಯೆಯಲ್ಲಿ ಒಂದು ಪಾಲು ರಸ್ತೆಯ ದೋಷದ್ದು, ಇನ್ನೊಂದು ಪಾಲು ಆಕಸ್ಮಿಕದ್ದು. ಇವೆರಡನ್ನು ಬೇರ್ಪಡಿಸುವುದೇ ಕೆಲಸ.

ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆಯಂತೆ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾಗಿದ್ದರೆ, ಇಲ್ಲವೇ 10 ಸಾವು ಸಂಭವಿಸಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಮೂರು ವರ್ಷ ತೆಗೆದುಕೊಂಡದ್ದು ಸರಿ. ವರ್ಷದ ಸರಾಸರಿ 2 ಇದ್ದಾಗ ಸಹಜ ಏರಿಳಿತ ಅದರ ವರ್ಗಮೂಲದಷ್ಟು, ಸುಮಾರು 1.4, ಅಂದರೆ ಶೇ 70. ಮೂರು ವರ್ಷ ಸೇರಿಸಿ 6 ಆದಾಗ ಏರಿಳಿತ 2.4, ಅಂದರೆ ಶೇ 40. ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಐದೆಂಬುದು ಇನ್ನೂ ಸಣ್ಣ ಸಂಖ್ಯೆಯೇ. ಹತ್ತು ಸಾವಿನ ನಿಯಮಕ್ಕೆ ಬೇರೊಂದು ತೊಡಕಿದೆ: ತುಂಬಿದ ಬಸ್ಸೊಂದು ಉರುಳಿದರೆ ಸಾಕು, ದೋಷವಿಲ್ಲದ ರಸ್ತೆಯೂ ಪಟ್ಟಿ ಸೇರುತ್ತದೆ.

ಸರಾಸರಿಯತ್ತ ಮರಳುವಿಕೆ ಎಷ್ಟು ದೊಡ್ಡ ಭ್ರಮೆ ಹುಟ್ಟಿಸುತ್ತದೆ ಅನ್ನುವುದನ್ನು ಬ್ರಿಟನ್ನಿನ ವೇಗದ ಕ್ಯಾಮೆರಾಗಳ ಕಥೆ ತೋರಿಸುತ್ತದೆ. ಹಿಂದೆ ಹೆಚ್ಚು ಅಪಘಾತವಾದ ಜಾಗಗಳನ್ನೇ ಆರಿಸಿ ಅಲ್ಲಿ ಕ್ಯಾಮೆರಾ ಹಾಕಿದ್ದರು. 2005ರಲ್ಲಿ ಬಂದ ನಾಲ್ಕು ವರ್ಷಗಳ ಮೌಲ್ಯಮಾಪನದಲ್ಲಿ, ನಗರದ ಒಂದಷ್ಟು ತಾಣಗಳಲ್ಲಿ ಸಾವು ಮತ್ತು ತೀವ್ರ ಗಾಯದ ಅಪಘಾತಗಳು ಸುಮಾರು ಶೇ 55ರಷ್ಟು ಇಳಿದಿದ್ದವು. ಅದರೊಂದಿಗಿದ್ದ ಸಂಖ್ಯಾಶಾಸ್ತ್ರದ ವಿಶ್ಲೇಷಣೆ ಈ ಇಳಿಕೆಯನ್ನು ಬಿಡಿಸಿ ನೋಡಿದಾಗ ಆ 55ರಲ್ಲಿ ಸುಮಾರು 35 ಸರಾಸರಿಯತ್ತ ಮರಳಿದ್ದರದ್ದು, ಇನ್ನಷ್ಟು ದೇಶದೆಲ್ಲೆಡೆ ಆಗುತ್ತಿದ್ದ ಇಳಿಕೆಯದ್ದು, ಕ್ಯಾಮೆರಾಕ್ಕೆ ಉಳಿದದ್ದು ಸುಮಾರು 10. ಹತ್ತು ಅಂದರೆ ಕಡಿಮೆಯಲ್ಲ, ಕ್ಯಾಮೆರಾ ಕೆಲಸ ಮಾಡುತ್ತದೆ. ಆದರೆ 55 ಎಂದು ನಂಬಿ ಹಣ ಹಂಚಿದರೆ, ಅದಕ್ಕಿಂತ ಹೆಚ್ಚು ಜೀವ ಉಳಿಸುವ ಕಾಮಗಾರಿ ಹಿಂದೆ ಬೀಳುತ್ತದೆ.

ಆಕಸ್ಮಿಕದ ಪಾಲನ್ನು ಬೇರ್ಪಡಿಸುವ ವಿಧಾನವನ್ನು ರಸ್ತೆ ಸುರಕ್ಷತೆಗೆ ಒಗ್ಗಿಸಿದವರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಎಜ್ರಾ ಹಾವರ್ ಪ್ರಮುಖರು. ಎಂಪಿರಿಕಲ್ ಬೇಯ್ಸ್ ಎಂಬ ಹೆಸರು ಹೆದರಿಸುವಂತಿದ್ದರೂ ಲೆಕ್ಕ ಶಾಲೆಯ ಮಟ್ಟದ್ದು. ಮೊದಲು, ನಿಮ್ಮ ಜಂಕ್ಷನ್ನಿನಂಥದ್ದೇ ಇತರ ಜಂಕ್ಷನ್‌ಗಳನ್ನು ಒಟ್ಟುಗೂಡಿಸಿ: ಅಷ್ಟೇ ಲೇನ್, ಅಷ್ಟೇ ವಾಹನ ದಟ್ಟಣೆ, ಸಿಗ್ನಲ್ ಇದ್ದರೆ ಎಲ್ಲಕ್ಕೂ ಇರಬೇಕು. ಅವುಗಳ ಮೂರು ವರ್ಷದ ಅಪಘಾತದ ಸರಾಸರಿ 6, ವೇರಿಯನ್ಸ್ (ಪ್ರತಿ ಜಂಕ್ಷನ್ ಸರಾಸರಿಯಿಂದ ಎಷ್ಟು ದೂರವಿದೆಯೋ ಅದರ ವರ್ಗಗಳ ಸರಾಸರಿ) 12 ಬಂತು ಅನ್ನಿ. ಸರಾಸರಿಯನ್ನು ವೇರಿಯನ್ಸ್‌ನಿಂದ ಭಾಗಿಸಿದರೆ 0.5. ಗುಂಪಿನ ಸರಾಸರಿಗೆ ಕೊಡಬೇಕಾದ ತೂಕ ಇದೇ. ಉಳಿದ 0.5 ಸ್ಥಳದ ಸ್ವಂತ ದಾಖಲೆಗೆ. ನಿಮ್ಮ ಜಂಕ್ಷನ್ನಿನಲ್ಲಿ 14 ಅಪಘಾತ ಆಗಿದ್ದವು. 6ರ ಅರ್ಧ 3, 14ರ ಅರ್ಧ 7, ಕೂಡಿದರೆ 10. ಏನೂ ಮಾಡದಿದ್ದರೂ ಮುಂದಿನ ಮೂರು ವರ್ಷಗಳಲ್ಲಿ ನಿರೀಕ್ಷಿಸಬೇಕಾದದ್ದು ಈ 10. ಕಾಮಗಾರಿಯ ನಂತರ 9 ಅಪಘಾತವಾದರೆ, 14ರಿಂದ 9ಕ್ಕೆ ಎಂದು ಶೇ 36ರ ಇಳಿಕೆ ಸಾರುವುದು ತಪ್ಪು. 10ರಿಂದ 9ಕ್ಕೆ, ಶೇ 10. ದಟ್ಟಣೆ ಬದಲಾಗಿದ್ದರೆ ಅದಕ್ಕೂ 10ನ್ನು ಸರಿಹೊಂದಿಸಬೇಕು. ಮಳೆಗಾಲದ ಮೂರು ತಿಂಗಳನ್ನು ಬೇಸಿಗೆಯ ಮೂರು ತಿಂಗಳ ಜೊತೆ ಹೋಲಿಸುವುದಂತೂ ಸಲ್ಲದು.

ಎಲ್ಲ ಇಳಿಕೆಯೂ ಭ್ರಮೆಯೇ ಎಂದು ಇನ್ನೊಂದು ಅತಿಗೆ ಹೋಗಬಾರದು. ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧವಾಯಿತು. ಜೊತೆಗೆ ವೇಗದ ತಪಾಸಣೆ ಬಿಗಿಯಾಯಿತು, ಕ್ಯಾಮೆರಾಗಳೂ ಬಂದವು. ಸಾವುಗಳು ಗಣನೀಯವಾಗಿ ಇಳಿದವು. ಅಲ್ಲಿ ಎಣಿಸಿದ್ದು ಒಂದು ತಿರುವನ್ನಲ್ಲ, ಇಡೀ ಹೆದ್ದಾರಿಯನ್ನು. ದೊಡ್ಡ ಸಂಖ್ಯೆಯಲ್ಲಿ ಆಕಸ್ಮಿಕದ ಪಾಲು ಚಿಕ್ಕದು. ಆದರೆ ಎಲ್ಲವನ್ನೂ ಒಂದೇ ಕಾಲದಲ್ಲಿ ಮಾಡಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ.

ಸಾವು ಎಣಿಸುತ್ತಾ ಮೂರು ವರ್ಷ ಕಾಯಬೇಕೇ? ಬೇಕಿಲ್ಲ. ವೇಗವನ್ನು ಒಂದೇ ದಿನದಲ್ಲಿ ಅಳೆಯಬಹುದು, ಅದರಲ್ಲಿ ಆಕಸ್ಮಿಕದ ಪಾಲು ತೀರ ಕಡಿಮೆ. ರೇಡಾರ್ ಗನ್ ಹಿಡಿದವರು ಚಾಲಕರ ಕಣ್ಣಿಗೆ ಬೀಳಬಾರದು. ಮುಂದಿನ ವಾಹನದಿಂದ ನಾಲ್ಕೈದು ಸೆಕೆಂಡಾದರೂ ದೂರವಿದ್ದು, ತಮ್ಮಿಷ್ಟದ ವೇಗದಲ್ಲಿ ಹೋಗುತ್ತಿರುವ 100 ವಾಹನಗಳನ್ನಾದರೂ ಅಳೆಯಬೇಕು. ಕಾಮಗಾರಿಗೆ ಮೊದಲೂ ಆಮೇಲೂ ಅದೇ ವಾರ, ಅದೇ ಹೊತ್ತು, ಒಣ ರಸ್ತೆ. ಕ್ಯಾಮೆರಾದಾಚೆ 500 ಮೀಟರ್ ದೂರದಲ್ಲೂ ಅಳೆಯಲೇಬೇಕು, ಏಕೆಂದರೆ ಕಂಬ ದಾಟಿದ ಕೂಡಲೇ ಆಕ್ಸಿಲರೇಟರ್ ಒತ್ತುವವರೇ ಹೆಚ್ಚು. ಸ್ವೀಡನ್ನಿನ ಯೋರನ್ ನಿಲ್ಸನ್ ಕಂಡುಕೊಂಡಂತೆ ಸಾವು ಸರಾಸರಿ ವೇಗದ ಸುಮಾರು ನಾಲ್ಕನೇ ಘಾತದಂತೆ ಬದಲಾಗುತ್ತದೆ. ಸರಾಸರಿ 80ರಿಂದ 76 ಕಿ.ಮೀ.ಗೆ ಇಳಿದರೆ ಸಾವು ಸುಮಾರು ಶೇ 19 ಇಳಿಯಬೇಕು. ಹೋಮದ ಮರುದಿನವೂ ಇದೇ ರೇಡಾರ್ ಗನ್ ಹಿಡಿದು ನಿಲ್ಲಬಹುದು.

ಸ್ವೀಡನ್ನಿನದೇ ಲುಂಡ್ ವಿಶ್ವವಿದ್ಯಾಲಯದವರು ರೂಪಿಸಿದ ಇನ್ನೊಂದು ವಿಧಾನದಲ್ಲಿ ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಗಳನ್ನು ಎಣಿಸುತ್ತಾರೆ. ತರಬೇತಾದವರು ಜಂಕ್ಷನ್ನಿನಲ್ಲಿ ನಿಂತು, ಚಾಲಕ ಬ್ರೇಕ್ ಹಾಕಿದ ಕ್ಷಣದ ವೇಗವನ್ನೂ, ಡಿಕ್ಕಿಯಾಗಬೇಕಿದ್ದ ಬಿಂದುವಿಗಿರುವ ದೂರವನ್ನೂ ಅಂದಾಜಿಸುತ್ತಾರೆ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. 12 ಮೀಟರ್ ಉಳಿದಿರುವಾಗ ಬ್ರೇಕ್ ಹಾಕಿದರೆ ಡಿಕ್ಕಿಗೆ 1.2 ಸೆಕೆಂಡ್ ಬಾಕಿ ಇತ್ತು ಎಂದಾಯಿತು. ಆರಂಭದ ಮಾನದಂಡದಲ್ಲಿ 1.5 ಸೆಕೆಂಡಿಗಿಂತ ಕಡಿಮೆಯಿದ್ದರೆ ಗಂಭೀರ.

ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಮಾತ್ರ ಲಾಟರಿ ಚೀಟಿಯದು. ಪಟ್ಟಿಯಲ್ಲಿ 40 ಬ್ಲ್ಯಾಕ್ ಸ್ಪಾಟ್‌ಗಳಿದ್ದರೆ ಒಂದೇ ವರ್ಷದಲ್ಲಿ ಎಲ್ಲಕ್ಕೂ ಹಣ ಸಿಗುವುದು ಹೇಗೂ ಕಷ್ಟ. ಶಾಸಕರ ಶಿಫಾರಸಿನ ಬದಲು ಚೀಟಿ ಎತ್ತಿ 20 ಸ್ಥಳಗಳನ್ನು ಈ ವರ್ಷ, ಉಳಿದ 20ನ್ನು ಮುಂದಿನ ವರ್ಷ ಸರಿಪಡಿಸಲಿ. ಎರಡೂ ಗುಂಪುಗಳು ಸರಾಸರಿಯತ್ತ ಒಂದೇ ಪ್ರಮಾಣದಲ್ಲಿ ಮರಳುತ್ತವೆ. ಮೊದಲ ಗುಂಪಿನಲ್ಲಿ ಎರಡನೆಯದಕ್ಕಿಂತ ಎಷ್ಟು ಹೆಚ್ಚು ಇಳಿಯಿತೋ ಅಷ್ಟೇ ಕಾಮಗಾರಿಯ ಫಲ. ಹೆಚ್ಚುವರಿ ಖರ್ಚಿಲ್ಲ, 20 ಚೀಟಿ ಎತ್ತಿದರೆ ಆಯಿತು.