ಮೇಜರ್ ಕೀನಲ್ಲಿದ್ದರೂ ಗಂಟಲು ಕಟ್ಟುವುದೇಕೆ?

ಪ್ರಶ್ನೆ: ಮೊಜಾರ್ಟ್‌ನ ಕ್ಲಾರಿನೆಟ್ ಕನ್ಸರ್ಟೋದ (ಒಂದು ಕ್ಲಾರಿನೆಟ್ ಮುಂದೆ, ವಾದ್ಯತಂಡ ಜೊತೆಗೆ ನುಡಿಸುವ ಕೃತಿ) ಎರಡನೇ ಭಾಗ ಡಿ ಮೇಜರ್‌ನಲ್ಲಿದೆ. ಮೇಜರ್ ಅಂದ್ರೆ ಖುಷಿ, ಮೈನರ್ ಅಂದ್ರೆ ದುಃಖ ಅಂತ ಕೀಬೋರ್ಡ್ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಹಾಗಿದ್ದರೆ ಇದನ್ನು ಕೇಳಿದಾಗ ಅಳು ಬಂದ ಹಾಗಾಗುವುದು ಯಾಕೆ?

ಕ್ಲಾಸಿನಲ್ಲಿ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಡಿ ಅನ್ನು ಷಡ್ಜ ಮಾಡಿಕೊಂಡರೆ ಈ ಮೇಜರ್ ಸ್ಕೇಲಿನ ಏಳು ಸ್ವರಗಳು ನಮ್ಮ ಶಂಕರಾಭರಣದ ಸ್ವರಗಳೇ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು (ಪಾಶ್ಚಾತ್ಯ ಧಾಟಿಯ ಪುಟ್ಟ ರಚನೆಗಳು) ನೆನಪಿಸಿಕೊಳ್ಳಿ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳು ‘ಶಕ್ತಿಸಹಿತ ಗಣಪತಿಂ’ ಹಾಡುತ್ತಾರಲ್ಲ, ಅದು. ಅಲ್ಲೂ ಅವೇ ಏಳು ಸ್ವರ, ಆದರೆ ಕುಣಿಯುತ್ತಾ ಬರುತ್ತವೆ. ಇಲ್ಲಿ ಅವೇ ಸ್ವರಗಳು ಎದೆ ಭಾರ ಮಾಡುತ್ತವೆ. ಅಂದಮೇಲೆ ವ್ಯತ್ಯಾಸವನ್ನು ಸ್ವರಗಳ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಮೊದಲು ವೇಗ ನೋಡೋಣ. ಮೊಜಾರ್ಟ್ ಬರೆದಿರುವುದು ‘ಅಡಾಜಿಯೋ’ ಎಂಬ ಒಂದೇ ಮಾತು. ಇಟಾಲಿಯನ್‌ನಲ್ಲಿ ಅದರ ಮೂಲ ಅರ್ಥ ನಿಧಾನ ಅಂತಲೂ ಅಲ್ಲ, ಆರಾಮವಾಗಿ ಅಂತ. ಆಗ ಮೆಟ್ರೊನೋಮ್ ಇನ್ನೂ ಬಳಕೆಗೆ ಬಂದಿರಲಿಲ್ಲ, ಹಾಗಾಗಿ ನಿಮಿಷಕ್ಕೆ ಇಷ್ಟು ಎಂಬ ಲೆಕ್ಕ ಅವನು ಕೊಟ್ಟಿಲ್ಲ. ನಾವೇ ಹಾಕೋಣ. ಈ ಭಾಗದಲ್ಲಿ ನಮ್ಮ ತಾಳದ ಆವರ್ತದಂಥ 98 ಬಾರ್‌ಗಳಿವೆ, ಒಂದೊಂದರಲ್ಲಿ 3 ಬೀಟ್. ಒಟ್ಟು 294. ನಾವು ಕೇಳುವ ರೆಕಾರ್ಡಿಂಗ್‌ಗಳಲ್ಲಿ ಹೆಚ್ಚಿನವು ಹತ್ತಿರಹತ್ತಿರ 7 ನಿಮಿಷದವು. ಅಂದರೆ ನಿಮಿಷಕ್ಕೆ 42 ಬೀಟ್. ಗಡಿಯಾರದ ಸೆಕೆಂಡ್ ಮುಳ್ಳಿಗಿಂತ ನಿಧಾನ. ಈ ಲೆಕ್ಕದಲ್ಲಿ ಮೊದಲ ನಾಲ್ಕು ಬಾರ್‌ಗಳನ್ನು ಒಂದೇ ಉಸಿರಿನಲ್ಲಿ ಊದಬೇಕೆಂದರೆ 17 ಸೆಕೆಂಡ್ ಬೇಕು. ಕೂತಲ್ಲೇ ಒಮ್ಮೆ ಸಣ್ಣಗೆ ಉಸಿರು ಬಿಡುತ್ತಾ ಹದಿನೇಳರ ತನಕ ಎಣಿಸಿ ನೋಡಿ. ಹನ್ನೆರಡು ದಾಟುವಾಗ ಎದೆಯಲ್ಲಿ ಏನೋ ಹಿಡಿದುಕೊಂಡ ಹಾಗೆ ಆಗುತ್ತೆ ಅಲ್ವಾ? ಕೇಳುವವರ ಉಸಿರೂ ಹಾಗೇ ಹಿಡಿದುಕೊಂಡಿರುತ್ತದೆ ಅಂತ ನನ್ನ ಅಂದಾಜು.

ಇನ್ನು ರಾಗದ ನಡೆ. ಕ್ಲಾರಿನೆಟ್ ಪಂಚಮದಿಂದ ಹೊರಟು ಮೇಲಿನ ಷಡ್ಜಕ್ಕೆ, ಅಲ್ಲಿಂದ ಗಾಂಧಾರಕ್ಕೆ ಹತ್ತುತ್ತದೆ. ಹತ್ತುವಾಗ ಹಾರಿ ಹಾರಿ ಹತ್ತುತ್ತದೆ, ಇಳಿಯುವಾಗ ಮಾತ್ರ ಒಂದೊಂದೇ ಮೆಟ್ಟಿಲು. ಸಾಲು ಮುಗಿಯುವಲ್ಲಿ ನಿಲ್ಲಬೇಕಾದ ಸ್ವರದ ಮೇಲೆ ಸೀದಾ ನಿಲ್ಲುವುದಿಲ್ಲ. ಅದರ ಮೇಲಿನ ಸ್ವರಕ್ಕೆ ಒಂದು ಗಳಿಗೆ ಒರಗಿ, ಆಮೇಲೆ ಕೆಳಗೆ ಜಾರುತ್ತದೆ. ಇದನ್ನು ‘ಅಪೊಜ್ಯಾಟುರಾ’ ಅನ್ನುತ್ತಾರೆ. ಒರಗುವುದು ಎಂದೇ ಅದರ ಅರ್ಥ. ನಿಟ್ಟುಸಿರು ಬಿಡುವಾಗ ನಮ್ಮ ದನಿ ಮಾಡುವುದೂ ಇದನ್ನೇ. ನಿಮ್ಮ ಗಂಟಲು ಕಟ್ಟುವುದು ಬಹುಶಃ ಇಲ್ಲೇ, ಮೇಜರ್ ಮೈನರ್ ಲೆಕ್ಕದಲ್ಲಲ್ಲ.

ಮೂರನೆಯದು, ಯಾರ್ಯಾರು ನುಡಿಸುತ್ತಿದ್ದಾರೆ ಅನ್ನುವುದು. ಈ ಕನ್ಸರ್ಟೋದಲ್ಲಿ ಟ್ರಂಪೆಟ್ ಇಲ್ಲ, ಡ್ರಮ್ ಇಲ್ಲ, ಚುರುಕು ದನಿಯ ಓಬೋ ಕೂಡ ಇಲ್ಲ. ಇರುವುದು ತಂತಿ ವಾದ್ಯಗಳು, ಎರಡು ಕೊಳಲು, ಎರಡು ಬಸೂನ್, ಎರಡು ಹಾರ್ನ್. ಮೊದಲ 8 ಬಾರ್ ಕ್ಲಾರಿನೆಟ್ ಮೆಲ್ಲಗೆ ಹೇಳುತ್ತದೆ. ಮುಂದಿನ 8 ಬಾರ್‌ನಲ್ಲಿ ಇಡೀ ತಂಡ ಅದೇ ಮಾತನ್ನು ಜೋರಾಗಿ ಹೇಳುತ್ತದೆ. ಒಬ್ಬರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಮನೆಮಂದಿಯೆಲ್ಲ ‘ಹೌದು’ ಅಂದ ಹಾಗೆ. ನನಗೆ ಇದು ದುಃಖಕ್ಕಿಂತ ಸಮಾಧಾನದ ಹಾಗೆ ಕೇಳಿಸುತ್ತದೆ.

ವಾದ್ಯದ ವಿಷಯ ಬಂದಿದ್ದರಿಂದ ಒಂದು ಮಾತು. ನಮ್ಮಲ್ಲಿ ಕ್ಲಾರಿನೆಟ್ ಅಂದರೆ ಮದುವೆಯ ಬ್ಯಾಂಡ್ ಸೆಟ್ ನೆನಪಾಗುತ್ತದೆ, ರಾಯಚೂರು ಕಡೆಯವರಿಗೆ ಪಂಡಿತ್ ನರಸಿಂಹಲು ವಡವಾಟಿ ನೆನಪಾಗುತ್ತಾರೆ. ಮೊಜಾರ್ಟ್ ಇದನ್ನು ಬರೆದಿದ್ದು ಗೆಳೆಯ ಆಂಟನ್ ಸ್ಟಾಡ್ಲರ್‌ಗಾಗಿ. ಅವನ ಹತ್ತಿರ ಇದ್ದ ಬ್ಯಾಸೆಟ್ ಕ್ಲಾರಿನೆಟ್ ಮಾಮೂಲಿ ವಾದ್ಯಕ್ಕಿಂತ ನಾಲ್ಕು ಅರ್ಧಸ್ವರ ಕೆಳಗೆ ಇಳಿಯುತ್ತಿತ್ತು. ಮೊಜಾರ್ಟ್‌ನ ಕೈಬರಹದ ಪ್ರತಿ ಕಳೆದುಹೋಯಿತು. 1801ರಲ್ಲಿ ಅಚ್ಚಾದದ್ದು ಮಾಮೂಲಿ ಕ್ಲಾರಿನೆಟ್‌ಗೆ ಹೊಂದಿಸಿಕೊಂಡ ಪ್ರತಿ. ಈಗ ಕೆಲವರು ಮತ್ತೆ ಬ್ಯಾಸೆಟ್ ಕ್ಲಾರಿನೆಟ್ ಹಿಡಿಯುತ್ತಿದ್ದಾರೆ. ಸಿಕ್ಕರೆ ಅಂಥದ್ದೊಂದು ರೆಕಾರ್ಡಿಂಗ್ ಕೇಳಿ. ಈ ಅಡಾಜಿಯೋದ ನಡುವಿನ ತುಣುಕಿನಲ್ಲಿ ಕ್ಲಾರಿನೆಟ್ ಮೇಲಿನಿಂದ ಧುಮುಕುವಾಗ ತಳದಲ್ಲಿ ಇನ್ನೂ ಕತ್ತಲಾದ ಒಂದು ದನಿ ಸಿಗುತ್ತದೆ.

ಇನ್ನೊಂದು ಕಾರಣ ಸಂಗೀತದಲ್ಲಿಲ್ಲ, ನಮ್ಮ ತಲೆಯಲ್ಲಿದೆ. ಇದು 1791ರ ಅಕ್ಟೋಬರ್‌ನ ಕೃತಿ. ಡಿಸೆಂಬರ್ 5ಕ್ಕೆ ಮೊಜಾರ್ಟ್ ತೀರಿಕೊಂಡ, 35 ವರ್ಷಕ್ಕೇ. ಇದು ಗೊತ್ತಾದ ಮೇಲೆ ಪ್ರತಿ ಸ್ವರವೂ ವಿದಾಯದ ಹಾಗೆ ಕೇಳಿಸುತ್ತದೆ. ಆದರೆ ಅಕ್ಟೋಬರ್ 7ರಂದು ಅವನು ಹೆಂಡತಿ ಕಾನ್‌ಸ್ಟಾಂಜೆಗೆ ಬರೆದ ಕಾಗದ ಉಳಿದಿದೆ. ಒಬ್ಬನೇ ಬಿಲಿಯರ್ಡ್ಸ್ ಆಡಿದ್ದು, ಕುದುರೆಯನ್ನು 14 ಡ್ಯುಕಾಟ್‌ಗೆ ಮಾರಿದ್ದು, ಕಪ್ಪು ಕಾಫಿ ತರಿಸಿ ಪೈಪ್ ಸೇದಿದ್ದು, ಆಮೇಲೆ ಸ್ಟಾಡ್ಲರ್‌ನ ರೊಂಡೋವನ್ನು (ಅಂದರೆ ಇದೇ ಕನ್ಸರ್ಟೋದ ಕೊನೆಯ ಭಾಗ) ಹತ್ತಿರಹತ್ತಿರ ಪೂರ್ತಿ ವಾದ್ಯಗಳಿಗೆ ಹಂಚಿ ಬರೆದದ್ದು, ಎಲ್ಲ ಅದರಲ್ಲಿದೆ. ಸಾವು ಎದುರಿಗೆ ಕಂಡು ಬರೆಯುತ್ತಿದ್ದವನ ಕಾಗದದ ಹಾಗೆ ಅದು ಕಾಣುವುದಿಲ್ಲ.

ಮುಂದಿನ ಸಲ ಕೇಳುವಾಗ ಅಡಾಜಿಯೋದ ನಡುವಿನ ಆ ತುಣುಕು ಮುಗಿಯುವ ಜಾಗವನ್ನು ಕಾಯಿರಿ. ತಂಡವೆಲ್ಲ ನಿಲ್ಲುತ್ತದೆ, ಕ್ಲಾರಿನೆಟ್ ಒಂದೇ ಸ್ವಲ್ಪ ಹೊತ್ತು ತನಗೆ ತೋಚಿದಂತೆ ಓಡಾಡುತ್ತದೆ. ಆಮೇಲೆ ಮೊದಲಿನ ಸಾಲು ಮರಳಿ ಬರುತ್ತದೆ. ಒಳ್ಳೆಯ ವಾದಕರು ಇಲ್ಲಿ ಎಷ್ಟು ಮೆಲ್ಲಗೆ ಊದುತ್ತಾರೆಂದರೆ, ಹೆಡ್‌ಫೋನ್ ಹಾಕಿಕೊಂಡಿದ್ದರೆ ಸ್ವರಕ್ಕಿಂತ ಮೊದಲು ಅವರು ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತದೆ.