ರೆಕ್ಕೆಯಲ್ಲೊಂದು ತೇಪೆ

ಪುಟ್ಟ ಹಾಡುಹಕ್ಕಿಯ ವಯಸ್ಸು ತಿಳಿಯಲು ಮುಖ ನೋಡಿ ಪ್ರಯೋಜನವಿಲ್ಲ. ಅದಕ್ಕೆ ಸುಕ್ಕು ಬೀಳುವುದಿಲ್ಲ, ತಲೆ ನರೆಯುವುದಿಲ್ಲ. ಹಕ್ಕಿಗಳ ಗುರುತಿಗೆಂದು ಕಾಲಿಗೆ ಸಂಖ್ಯೆಯಿರುವ ಉಂಗುರ ತೊಡಿಸುವವರು ಬಲೆಯಿಂದ ಬಿಡಿಸಿದ ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಅದರ ರೆಕ್ಕೆ ಅಗಲಿಸುತ್ತಾರೆ. ಅಲ್ಲಿ ಅವರು ಹುಡುಕುವುದು ಒಂದು ತೇಪೆಯನ್ನು.

ಗೂಡಿನ ಮರಿ ಎರಡು ಮೂರು ವಾರದಲ್ಲಿ ಹೊರಬೀಳಬೇಕು. ಅಷ್ಟರಲ್ಲಿ ಮೈತುಂಬ ಗರಿ ಮೂಡಬೇಕು. ಅವಸರದ ಕೆಲಸ ಅಲ್ವಾ, ಗರಿಗಳ ಹೆಣಿಗೆ ಸಡಿಲ. ಬೇಗ ಸವೆಯುತ್ತವೆ, ಬೇಗ ಮಾಸುತ್ತವೆ. ಹಾರಲು ಕಲಿತ ಮೇಲೆ ಮರಿ ಮೈಮೇಲಿನ ಗರಿಗಳನ್ನು ಬದಲಿಸಿಕೊಳ್ಳುತ್ತದೆ. ಆದರೆ ಎಷ್ಟೋ ಜಾತಿಗಳಲ್ಲಿ ಹಾರಾಟದ ಉದ್ದ ಗರಿಗಳು ಇನ್ನೊಂದು ವರ್ಷ ಹಳೆಯವೇ. ಅವುಗಳ ಬುಡ ಮುಚ್ಚುವ ಗರಿಸಾಲಿನಲ್ಲೂ ಒಳಗಿನ ಕೆಲವು ಹೊಸವು, ಹೊರಗಿನವು ಹಳೆಯವು. ಹಳೆಯದರ ಪಕ್ಕ ಹೊಸದು, ಇದೇ ಆ ತೇಪೆ. ಯೂರೋಪಿನ ಪುಟ್ಟ ಹಕ್ಕಿಯಾದ ಬ್ಲೂ ಟಿಟ್ ಎಳೆಯದಿದ್ದಾಗ ಇದು ಚೆನ್ನಾಗಿ ಕಾಣುತ್ತದೆ. ಹೊಸ ಗರಿ ನೀಲಿ, ಪಕ್ಕದ ಹಳೆಯದು ಹಸಿರು ಬೆರೆತ ಬೂದು. ಆದರೆ ಬೆಳಕು ಮಂದವಾಗಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಸಿಗುವುದೇ ಕಷ್ಟ.

ಬಾಲವೂ ಸುಳಿವು ಕೊಡುತ್ತದೆ. ಮರಿಯ ಬಾಲದ ಗರಿ ಕಿರಿದು, ತುದಿ ಚೂಪು. ದೊಡ್ಡದರದ್ದು ಅಗಲ, ತುದಿ ದುಂಡಗೆ. ಮರಿಯ ಬಾಲದ ಗರಿಗಳೆಲ್ಲ ಒಟ್ಟಿಗೆ ಬೆಳೆಯುವುದರಿಂದ, ಗೂಡಿನಲ್ಲಿ ಊಟ ಸಾಲದ ಒಂದು ದಿನ ಇಡೀ ಬಾಲಕ್ಕೆ ಅಡ್ಡಲಾಗಿ ಒಂದೇ ಗೆರೆಯಾಗಿ ಉಳಿಯಬಹುದು. ಆದರೂ ಬಾಲವೊಂದನ್ನೇ ನಂಬಬಾರದು. ಬೆಕ್ಕಿನ ಬಾಯಿಂದ ತಪ್ಪಿಸಿಕೊಳ್ಳುವಾಗ ಬಾಲ ಕಳಚಿತು ಅಂದುಕೊಳ್ಳಿ. ಮತ್ತೆ ಬೆಳೆಯುವುದು ದೊಡ್ಡವರ ಗರಿ!

ಗಂಡೋ ಹೆಣ್ಣೋ ಅನ್ನುವುದು ಒಂದೊಂದು ಜಾತಿಯಲ್ಲಿ ಒಂದೊಂದು ಕಥೆ. ಗ್ರೇಟ್ ಟಿಟ್ ಗಂಡಿನ ಹೊಟ್ಟೆಯ ಕಪ್ಪು ಪಟ್ಟಿ ಅಗಲ, ಹೆಣ್ಣಿನದ್ದು ಸಣ್ಣ. ಯೂರೋಪಿನ ರಾಬಿನ್‌ನಲ್ಲಿ ಎರಡರ ಗರಿಗಳೂ ಒಂದೇ ಥರ. ಸುಮ್ನೆ ಊಹಿಸಿ ಬರೆಯುವುದಕ್ಕಿಂತ ‘ಗೊತ್ತಿಲ್ಲ’ ಎಂದು ಬರೆಯುವುದೇ ಮೇಲು. ಬ್ಲೂ ಟಿಟ್‌ನ ಗಂಡು ಹೆಣ್ಣು ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಆದರೆ ಗಂಡಿನ ನೆತ್ತಿ ಅತಿನೇರಳೆ ಬೆಳಕನ್ನು ಜಾಸ್ತಿ ಪ್ರತಿಫಲಿಸುತ್ತದೆ ಎಂದು 1998ರಲ್ಲಿ ಗೊತ್ತಾಯಿತು. ಹಕ್ಕಿಗಳಿಗೆ ಆ ಬೆಳಕು ಕಾಣುತ್ತದೆ.

ನನಗೆ ಇಷ್ಟವಾದದ್ದು ಬ್ಲ್ಯಾಕ್‌ಬರ್ಡ್. ಗಂಡು ಕಪ್ಪು, ಹೆಣ್ಣು ಕಂದು. ಕಪ್ಪು ಮೈಗೆ ಮಾಸಲು ಕಂದು ರೆಕ್ಕೆ ಇದ್ದರೆ ಅದು ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ ಗಂಡು. ದುರ್ಬೀನಿನಲ್ಲೇ ಎರಡೂ ಉತ್ತರ ಸಿಕ್ಕಿತು. ಮುಂದಿನ ಬೇಸಿಗೆ ಮುಗಿಯುವಾಗ ಅದು ಎಲ್ಲ ಗರಿಗಳನ್ನೂ ಬದಲಿಸುತ್ತದೆ, ತೇಪೆ ಮಾಯ. ಆಮೇಲೆ ಮೂರು ವರ್ಷದ್ದೋ ಆರು ವರ್ಷದ್ದೋ ಎಂದು ಗರಿ ಹೇಳಲಾರದು. ಕಾಲಿನ ಉಂಗುರದ ಸಂಖ್ಯೆಯನ್ನೇ ಓದಬೇಕು.