ಪದ ಪರಿಚಯ: ಕ್ರಿಟೀಕ್

ವಿಷಯ ಕೊಟ್ಟು ನಡೆಸುವ ಹವ್ಯಾಸಿ ಫೋಟೊ ಸ್ಪರ್ಧೆಗಳಲ್ಲಿ ಈ ಪದ ಬಂದಕೂಡಲೇ ಗೊಂದಲ ಶುರು. ಕೆಲವರು ಟೀಕೆ ಅಂದುಕೊಂಡು ಮುಖ ಗಂಟಿಕ್ಕುತ್ತಾರೆ, ಕೆಲವರು ಹೊಗಳಿಕೆಯ ಆಸೆಯಿಂದ ಕೂತಿರುತ್ತಾರೆ. ಚಿತ್ರದಲ್ಲಿ ಏನು ಕಾಣುತ್ತಿದೆ, ಕೊಟ್ಟ ವಿಷಯಕ್ಕೆ ಅದು ಒದಗಿದೆಯೇ, ಇಲ್ಲವಾದರೆ ಏಕೆ, ಏನು ಮಾಡಬಹುದಿತ್ತು ಎಂಬುದನ್ನು ಕಾರಣ ಸಮೇತ ಹೇಳುವುದು ಕ್ರಿಟೀಕ್. 'ಭಾಳ ಛಂದ ಬಂದದ ಅಣ್ಣಾ' ಎನ್ನುವುದು ಬರೀ ಮೆಚ್ಚುಗೆ. ಹತ್ತಕ್ಕೆ ಏಳು ಎನ್ನುವುದು ತೀರ್ಪು. ಎರಡರಲ್ಲೂ ಕಾರಣ ಇರುವುದಿಲ್ಲ.

ಪದದ ಬೇರು ಗ್ರೀಕಿನ 'ಕ್ರಿನೈನ್'. ಬೇರ್ಪಡಿಸು, ನಿರ್ಣಯಿಸು ಎಂದರ್ಥ. ತೊಗರಿ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊರದಲ್ಲಿ ಕೇರುವಾಗ ಹೊಟ್ಟನ್ನು ಬೇರೆ ಮಾಡುತ್ತಾರೆಯೇ ಹೊರತು ತೊಗರಿಯನ್ನು ಬೈಯುವುದಿಲ್ಲ, ಬಿತ್ತಿದವನನ್ನಂತೂ ಅಲ್ಲವೇ ಅಲ್ಲ. ನಮ್ಮ 'ವಿಮರ್ಶೆ'ಯೊಳಗಿನ 'ಮೃಶ್' ಧಾತುವಿಗೆ ಮುಟ್ಟು, ಸವರು ಎಂಬ ಅರ್ಥವಿದೆ. ಅದೂ ಒಳ್ಳೆಯ ಪದವೇ, ಆದರೆ ಸಾಹಿತ್ಯದ ಭಾರ ಹೊತ್ತಿರುವುದರಿಂದ ಕ್ಯಾಮೆರಾ ಹಿಡಿದವರು ಕ್ರಿಟೀಕ್ ಎಂದೇ ಅನ್ನುತ್ತಾರೆ.

ವಿಷಯ 'ಕಮಾನು' ಎಂದಿಟ್ಟುಕೊಳ್ಳಿ. ಕಲಬುರಗಿ ಕೋಟೆಯೊಳಗಿನ 1367ರ ಜಾಮಾ ಮಸೀದಿಯ ಚಿತ್ರ ಬಂದೇ ಬರುತ್ತದೆ. ಕಮಾನಿನ ಕೆಳಗೆ ನಿಂತ ಹುಡುಗನ ಮುಖ ಸೊಗಸಾಗಿದ್ದು, ಹಿಂದಿನ ಕಮಾನುಗಳೆಲ್ಲ ಮಸುಕಾಗಿದ್ದರೆ ಅದು ಒಳ್ಳೆಯ ಭಾವಚಿತ್ರ, ಸೋತ ಸ್ಪರ್ಧಾಚಿತ್ರ. ಪರೀಕ್ಷೆ ಸುಲಭ: ವಿಷಯ ಗೊತ್ತಿಲ್ಲದವರಿಗೆ ಚಿತ್ರ ತೋರಿಸಿ, ಇದು ಯಾವುದರ ಬಗ್ಗೆ ಎಂದು ಕೇಳಬೇಕು. ಮೂರು ಊಹೆಯೊಳಗೆ 'ಕಮಾನು' ಬರದಿದ್ದರೆ ಬೆಳಕು, ಫೋಕಸ್ ಚರ್ಚೆಗೆ ಹೋಗುವ ಮೊದಲು ಅದನ್ನೇ ಹೇಳಬೇಕು.

ಆಮೇಲೆ ತಾಂತ್ರಿಕ ಮಾತು. ಈ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಜಾಗಕ್ಕೆ ಛಾವಣಿಯಿದೆ, ಬೆಳಕು ಬರುವುದು ಹೆಚ್ಚಾಗಿ ಪಕ್ಕದಿಂದ. ಒಳಗಿನ ಕಂಬಗಳಿಗೆ ತಕ್ಕಂತೆ ಕ್ಯಾಮೆರಾ ಒಳಬಿಡುವ ಬೆಳಕನ್ನು, ಅಂದರೆ ಎಕ್ಸ್‌ಪೋಷರ್ ಹೊಂದಿಸಿದರೆ ಹೊರಗಿನದು ಬೆಳ್ಳಗಾಗಿ ಹೋಗುತ್ತದೆ. 'ಬರ್ನ್ ಆಗ್ಯದ' ಎಂದಷ್ಟೇ ಹೇಳಿ ಕೂರುವವರು ಅರ್ಧ ಕೆಲಸ ಮಾಡಿದಂತೆ. ಪೂರ್ತಿ ಮಾತು ಹೀಗಿರುತ್ತದೆ: 'ಬಲಗಡೆ ಕಮಾನಿನ ಆಚೆ ಏನೂ ಉಳಿದಿಲ್ಲ. ಕಣ್ಣು ಮೊದಲು ಅಲ್ಲಿಗೇ ಹೋಗಿ ನಿಲ್ಲುತ್ತದೆ, ಸಾಲುಗಮಾನುಗಳ ಆಳಕ್ಕೆ ಇಳಿಯುವುದಿಲ್ಲ. ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕಿನಲ್ಲಿ ತೆಗೆದು, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲು) ನೆರಳನ್ನು ಎತ್ತಬಹುದಿತ್ತು, ಇಲ್ಲವೇ ಆ ಕಮಾನನ್ನೇ ಫ್ರೇಮಿನಿಂದ ಬಿಡಬಹುದಿತ್ತು.' ಎಲ್ಲಿ, ಅದರಿಂದ ಏನಾಯಿತು, ದಾರಿ ಏನು ಎಂಬ ಮೂರೂ ಇದರಲ್ಲಿವೆ. ಕಂಬಗಳು ಮೇಲೆ ಹೋದಂತೆ ಒಂದಕ್ಕೊಂದು ವಾಲಿದ್ದರೆ ಕ್ಯಾಮೆರಾ ಮೇಲ್ಮುಖವಾಗಿತ್ತು ಎಂದರ್ಥ. ಹಿಂದೆ ಸರಿದು, ನೇರ ಹಿಡಿದು, ಕೆಳಗಿನ ಹೆಚ್ಚುವರಿ ನೆಲವನ್ನು ಕ್ರಾಪ್ ಮಾಡಿದರೆ ಸರಿಹೋಗುತ್ತದೆ.

ಟೀಕೆಗಿಂತ ಅಪಾಯಕಾರಿ ಎಂದರೆ ಖಡಾಖಂಡಿತವಾಗಿ ಕೊಡುವ ತಪ್ಪು ಸಲಹೆ. ಬೀದರಿನ ಬಿದ್ರಿ ಕೆಲಸದ ಚಿತ್ರಗಳಿಗೆ ಇದು ಹೆಚ್ಚು. ಸತುವೇ ಬಹುಪಾಲು ಇರುವ, ತುಸು ತಾಮ್ರ ಕೂಡಿಸಿದ ಪಾತ್ರೆಯಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಮಾಡುತ್ತಾರೆ. ಆ ಕಪ್ಪೇ ಬಿದ್ರಿಯ ಜೀವ. ಫ್ರೇಮಿನ ತುಂಬ ಕಪ್ಪಿದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಬಣ್ಣಕ್ಕೆ ಎಳೆಯುತ್ತದೆ. ಕಪ್ಪು ಸಪ್ಪೆಯಾಗಿ ಬೆಳ್ಳಿಯ ಗೆರೆ ಸುಟ್ಟುಹೋಗುತ್ತದೆ. ಆಗ 'ಎಕ್ಸ್‌ಪೋಷರ್ ಮೈನಸ್ ಒಂದರಿಂದ ಒಂದೂವರೆಗೆ ಇಳಿಸಿ ನೋಡಿ' ಎನ್ನುವುದು ಕ್ರಿಟೀಕ್. 'ಪೋಲರೈಸರ್ ಹಾಕ್ರಿ, ಹೊಳಪು ಹೋಗ್ತದ' ಎನ್ನುವುದು ಕೇಳಲು ಜಾಣತನ, ಆದರೆ ಬೆಳ್ಳಿಯಂಥ ಬರಿ ಲೋಹದ ಮೇಲಿನ ಪ್ರತಿಫಲನಕ್ಕೆ ಆ ಫಿಲ್ಟರ್ ಹೆಚ್ಚೇನೂ ಮಾಡದು. ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ, ಎದುರಿಗೆ ಕರಿ ಬಟ್ಟೆ ಹಿಡಿದರೆ ಕೆಲಸವಾಗುತ್ತದೆ. ತಾನು ಮಾಡಿ ನೋಡದ ಉಪಾಯ ಹೇಳುವವರು 'ಮಾಡಿ ನೋಡಿಲ್ಲ' ಎಂದು ಸೇರಿಸಲಿ.

ಕ್ರಿಟೀಕ್ ನಡೆಸುವ ಕ್ರಮವೂ ಪದದ ಅರ್ಥದೊಳಗೇ ಬರುತ್ತದೆ. ಚಿತ್ರಕ್ಕೆ ಸಂಖ್ಯೆ ಮಾತ್ರ, ಹೆಸರು ಬೇಡ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಶಾರ್ಪ್ ಇಲ್ಲ ಎಂಬ ತಪ್ಪು ತೆಗೆದವರ ತಲೆಗೆ ಬರುತ್ತದೆ. ಟಿವಿಯಲ್ಲಿ ತೋರಿಸುವುದಾದರೆ ಬಣ್ಣ ಗಾಢ ಮಾಡುವ ವಿವಿಡ್ ಮೋಡ್ ಬಂದ್ ಮಾಡಿರಿ. ಮೊದಲ ಅರ್ಧ ನಿಮಿಷ ಎಲ್ಲರೂ ಸುಮ್ಮನೆ ನೋಡಬೇಕು, ಆಮೇಲೆ ಎರಡೂವರೆ ನಿಮಿಷ ಮಾತು. ಇಪ್ಪತ್ತು ಚಿತ್ರಕ್ಕೆ ಒಂದು ತಾಸು ಹಿಡಿಯುತ್ತದೆ, ಅದರಾಚೆ ಕಣ್ಣು ದಣಿಯುತ್ತದೆ. ಹೊಸಬರು ಮೊದಲು, ಹಿರಿಯರು ಕಡೆಗೆ ಮಾತಾಡಲಿ. ನಮ್ಮ ಕಡೆ ದೊಡ್ಡವರು ಒಮ್ಮೆ ಬಾಯಿ ಬಿಟ್ಟರೆ ಉಳಿದವರು 'ಹೌದ್ರಿ ಸರ' ಎಂದು ಮುಗಿಸಿಬಿಡುತ್ತಾರೆ.

ಕೇಳಿಸಿಕೊಳ್ಳುವುದು ಹೇಳುವುದಕ್ಕಿಂತ ಕಷ್ಟ. 'ಭೀಮಾ ದಂಡಿಗೆ ನಸುಕಿನಾಗ ಹೋಗಿದ್ದೆ, ಮಂಜು ಇತ್ತು ರೀ' ಎಂಬುದು ಚಿತ್ರದಲ್ಲಿ ಕಾಣದಿದ್ದರೆ ಲೆಕ್ಕಕ್ಕಿಲ್ಲ. ವಾದಿಸದೆ ಬರೆದುಕೊಳ್ಳಿ. 'ಹ್ಯಾಂಗದ?' ಎಂದು ಕೇಳಿದರೆ 'ಛಲೋ ಅದ' ಎಂಬ ಉತ್ತರವೇ ಸಿಗುವುದು. 'ಎಡಗಡೆಯ ಕಂಬ ಬೇಕೋ ಬೇಡವೋ?' ಎಂದು ಕೇಳಿದರೆ ಚಿತ್ರವನ್ನು ಎರಡನೆಯ ಸಲ ನೋಡುತ್ತಾರೆ. ಮೂವರು ಬೇರೆಬೇರೆಯಾಗಿ ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ತೊಡಕಿದೆ. ಅವರು ಹೇಳಿದ ಪರಿಹಾರ ತಪ್ಪಿರಬಹುದು, ನೋವಿನ ಜಾಗ ಮಾತ್ರ ಸಾಮಾನ್ಯವಾಗಿ ಸರಿಯಿರುತ್ತದೆ. ಒಬ್ಬರೇ ಹೇಳಿದ್ದನ್ನು ಗುರುತು ಹಾಕಿಟ್ಟು ಬಿಡಿ.

ಸೋತ ಚಿತ್ರವೆಲ್ಲ ಕೆಟ್ಟದ್ದಲ್ಲ ಎಂಬುದೂ ಕ್ರಿಟೀಕಿನಲ್ಲೇ ಗೊತ್ತಾಗುತ್ತದೆ. 'ನೀರು' ವಿಷಯಕ್ಕೆ ಯಾದಗಿರಿ ಜಿಲ್ಲೆಯ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಚಿತ್ರ ಕಳಿಸಿ, ಕೆಳಗೆ ನೀರಿನ ಒಂದು ಎಳೆ ಪಟ್ಟಿ ಮಾತ್ರ ಬಿಟ್ಟಿದ್ದರೆ ಅಂಕ ಬರುವುದಿಲ್ಲ. ಅದನ್ನು ಕ್ರಾಪ್ ಮಾಡಿ ಹಾಳು ಮಾಡಬೇಡಿ. 'ಬೆಟ್ಟ' ಅಥವಾ 'ಆಕಾರ' ಎಂಬ ವಿಷಯ ಬರುವವರೆಗೆ ಹಾಗೇ ತೆಗೆದಿಡಿ.